ಅಂಕವನ್ನು ಓದುವ ಬಗೆ

ಎನ್.ಇ.ಟಿ. ಫಲಿತಾಂಶ ಪ್ರಕಟವಾದಾಗ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಲ್ಲಿ ಎರಡು ಬಗೆಯ ತಪ್ಪು ಗ್ರಹಿಕೆಗಳು ಕಾಣಿಸುತ್ತವೆ. ಹೆಚ್ಚು ಅಂಕ ಪಡೆದವರು ಸಂಶೋಧನೆ ಕೈವಶವಾಯಿತೆಂದು ಭಾವಿಸುತ್ತಾರೆ. ಕಡಮೆ ಪಡೆದವರು ಅರ್ಜಿಯನ್ನೇ ಸಲ್ಲಿಸದೆ ಹಿಂದೆ ಸರಿಯುತ್ತಾರೆ. ಮೊದಲನೆಯದನ್ನು ಸಂಶೋಧನೆಯ ಶ್ರಮವೇ ತಿದ್ದುತ್ತದೆ. ಎರಡನೆಯದನ್ನು ತಿದ್ದುವವರಿಲ್ಲ.

2024–25ರಿಂದ ಪಿಎಚ್.ಡಿ. ಪ್ರವೇಶಕ್ಕೂ ಈ ಪರೀಕ್ಷೆಯ ಅಂಕವನ್ನು ಬಳಸಲು ಯು.ಜಿ.ಸಿ. ಅವಕಾಶ ಮಾಡಿದೆ. ಜೆ.ಆರ್.ಎಫ್. ಪಡೆದವರಿಗೆ ಸಂದರ್ಶನವೇ ಆಧಾರ. ಉಳಿದ ಎರಡು ವರ್ಗಗಳವರಿಗೆ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಶಸ್ತ್ಯ, ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ಊರ್ಜಿತ.

ಪರ್ಸೆಂಟೈಲ್ ಎಂಬುದು ಶೇಕಡಾವಾರು ಅಂಕವಲ್ಲ. 80 ಎಂದರೆ ಆ ವಿಷಯದಲ್ಲಿ ಪರೀಕ್ಷೆ ಬರೆದ ನೂರರಲ್ಲಿ ಸುಮಾರು ಎಂಬತ್ತು ಮಂದಿ ಆ ಅಭ್ಯರ್ಥಿಗೆ ಸಮನಾಗಿ ಅಥವಾ ಕೆಳಗೆ ಇದ್ದಾರೆಂದು ಅರ್ಥ. ಅಭ್ಯರ್ಥಿಗಳು ದಟ್ಟವಾಗಿರುವ ನಡುಭಾಗದಲ್ಲಿ ಎರಡು ಮೂರು ಪ್ರಶ್ನೆಗಳೇ ಸ್ಥಾನವನ್ನು ಬಹಳ ಬದಲಿಸಬಲ್ಲವು. ಪರ್ಸೆಂಟೈಲನ್ನೇ ಶೇ. 70ಕ್ಕೆ ಇಳಿಸಿದರೆ 80ಕ್ಕೆ 56, 90ಕ್ಕೆ 63 ಸಿಗುತ್ತದೆ. ಈ 7 ಅಂಕಗಳ ಅಂತರವನ್ನು 30 ಅಂಕಗಳ ಸಂದರ್ಶನದಲ್ಲಿ ತುಂಬಿಕೊಳ್ಳುವುದು ಅಸಾಧ್ಯವಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಒಟ್ಟು 300 ಅಂಕಗಳಲ್ಲಿ 100 ಮೊದಲ ಪತ್ರಿಕೆಗೆ, 200 ವಿಷಯ ಪತ್ರಿಕೆಗೆ ಮೀಸಲು. ತರ್ಕ, ದತ್ತಾಂಶ, ಬೋಧನ ಸಾಮರ್ಥ್ಯಗಳನ್ನು ಅಳೆಯುವ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಒಬ್ಬರಿಗೆ 70 ಮತ್ತು 110, ಇನ್ನೊಬ್ಬರಿಗೆ 40 ಮತ್ತು 140 ಬಂದರೆ ಇಬ್ಬರ ಮೊತ್ತವೂ 180. ಆದರೆ ಕನ್ನಡದ ಪತ್ರಿಕೆಯಲ್ಲಿ ಎರಡನೆಯವರು ಹದಿನೈದು ಪ್ರಶ್ನೆಗಳಷ್ಟು ಮುಂದಿದ್ದಾರೆ. ಕಾಸರಗೋಡಿನಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಮೊತ್ತ ತಗ್ಗಿದಾಗ, ತಗ್ಗಿದ್ದು ಯಾವ ಪತ್ರಿಕೆಯಲ್ಲಿ ಎಂಬುದನ್ನು ಮೊದಲು ನೋಡಬೇಕು. ಪ್ರಕಟವಾಗುವ ಉತ್ತರಸೂಚಿಯೊಡನೆ ತಮ್ಮ ಉತ್ತರಗಳನ್ನು ಹೋಲಿಸಿ ಯಾರಾದರೂ ಇದನ್ನು ಲೆಕ್ಕ ಹಾಕಿಕೊಳ್ಳಬಹುದು.

ಹಾಗೆಂದು ಪರೀಕ್ಷೆಯನ್ನೇ ಹಳಿಯುವುದು ನ್ಯಾಯವಲ್ಲ. ಪರಿಚಯ, ಶಿಫಾರಸುಗಳ ಬಲವಿಲ್ಲದ ಗಡಿನಾಡಿನ ವಿದ್ಯಾರ್ಥಿಗೆ ಎಲ್ಲರೊಂದಿಗೆ ಒಂದೇ ಅಳತೆಗೋಲಿನಲ್ಲಿ ನಿಲ್ಲುವ ಅವಕಾಶವನ್ನು ಅದು ಕೊಡುತ್ತದೆ. ಸಂದರ್ಶನದ ಪಾಲು ಹೆಚ್ಚಿದಷ್ಟೂ ಪಕ್ಷಪಾತದ ಅವಕಾಶವೂ ಹೆಚ್ಚುತ್ತದೆಂಬ ಆತಂಕ ಆಧಾರರಹಿತವಲ್ಲ. ಆದರೂ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಗೆ ಓಲೆಗರಿಯನ್ನು ಓದುವ ತಾಳ್ಮೆ, ಪಾಠಾಂತರಗಳನ್ನು ತೂಗುವ ವಿವೇಕ, ಕ್ಷೇತ್ರಕಾರ್ಯದ ಶ್ರದ್ಧೆ ಕಾಣಿಸವು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಅಭ್ಯಸಿಸುವವರಿಗೆ ತುಳು, ಮಲಯಾಳಗಳ ಬಳಕೆ ಒಂದು ಸಂಪತ್ತು. ಸೊಲ್ಲಾಪುರದ ಸಿದ್ಧರಾಮನ ಪರಂಪರೆಯನ್ನು ಅರಸುವವರಿಗೆ ಮರಾಠಿಯೂ ಅಂತೆಯೇ. ಅಂಕಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಆ ಅಂಕಣವನ್ನು ವಿದ್ಯಾರ್ಥಿಯೇ ತನ್ನ ಸಂಶೋಧನ ಪ್ರಸ್ತಾವನೆಯಲ್ಲಿ ತುಂಬಬೇಕು: ಯಾವ ಊರಿನ ಯಾವ ಸಾಮಗ್ರಿ, ಅದನ್ನು ಓದಲು ತನಗಿರುವ ಸಿದ್ಧತೆ ಯಾವುದು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಸಂದರ್ಶನ ಮಂಡಲಿಯೂ ಆ ಶೇ. 30ರಲ್ಲಿ ಪರೀಕ್ಷೆ ಕೇಳಿದ್ದನ್ನೇ ಮತ್ತೆ ಕೇಳದೆ, ಅದು ಕೇಳಲಾಗದ್ದನ್ನು ಕೇಳಬೇಕು. ಅರ್ಹತೆ ಪಡೆದೂ ಕಡಮೆ ಪರ್ಸೆಂಟೈಲಿಗೆ ಅಳುಕುತ್ತಿರುವವರು ಈ ಒಂದು ವರ್ಷದ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸುವುದು ಒಳಿತು.