ಸಾವಿನ ವಾರ್ತೆಯೂ ಕೈಫೋನೂ

ಸಾವಿನ ವಾರ್ತೆಯನ್ನು ಮುಟ್ಟಿಸುವುದಕ್ಕೂ ಒಂದು ರೀತಿಯುಂಟು. ಸೇಡಂ, ಚಿತ್ತಾಪುರದ ಕಡೆಯಿಂದ ಮುಂಬಯಿಗೋ ಪುಣೆಗೋ ಕೂಲಿಗೆ ಹೋದವನು ಅಲ್ಲಿಯೇ ತೀರಿಕೊಂಡರೆ, ಜೊತೆಯವನೊಬ್ಬನು ಶಹಾಬಾದದಲ್ಲೋ ವಾಡಿಯಲ್ಲೋ ರೈಲಿಳಿದು ಬರುತ್ತಿದ್ದನು. ರೈಲೇ ಇಲ್ಲದ ಚಿಂಚೋಳಿಗಾದರೆ ಮತ್ತೆ ಬಸ್ಸು ಹಿಡಿಯಬೇಕು. ಬಂದವನು ನೆರೆಯ ಹಿರಿಯರನ್ನು ಮುಂದಿಟ್ಟುಕೊಂಡೇ ಆ ಮನೆಯ ಹೊಸ್ತಿಲು ತುಳಿಯುತ್ತಿದ್ದನು. ತಂತಿ ಬಂದರೂ ಅದನ್ನು ಓದಿ ಹೇಳುವ ಮನುಷ್ಯನೊಬ್ಬನು ಬೇಕಾಗಿದ್ದನು. ಆ ತಂತಿಯ ಸೇವೆಯು 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ವಾರ್ತೆಯನ್ನು ತರುವುದು ವಾಟ್ಸಾಪ್. ಅದರ ವೇಗಕ್ಕೆ ದಾಕ್ಷಿಣ್ಯವೆಂಬುದಿಲ್ಲ.

ರಸ್ತೆಯಲ್ಲಿ ಅಪಘಾತವಾಯಿತೆಂದರೆ ಪಂಚನಾಮೆಗೆ ಮುಂಚೆಯೇ ಗತಿಸಿದವನ ಮುಖವು ಹತ್ತಾರು ಗುಂಪುಗಳಲ್ಲಿ ತಿರುಗಿರುತ್ತದೆ. ಹೆತ್ತವಳು ಮಗನ ಶವವನ್ನು ಪಕ್ಕದ ಮನೆಯ ಹುಡುಗನ ಕೈಫೋನಿನಲ್ಲಿ ಕಾಣಬೇಕೆ? ಗುರುತು ಸಿಗಲೆಂದು ಚಿತ್ರವನ್ನು ಹಂಚುತ್ತೇವೆಂದು ವಾದಿಸುವವರುಂಟು. ಗುರುತು ಹಿಡಿಸುವುದಕ್ಕೆ ಪೊಲೀಸ್ ಠಾಣೆಯಿದೆ. ವಾರಸುದಾರರಿಗೆ ಬಾಯಿಮಾತಿನಲ್ಲಿ ತಿಳಿಸುವ ತನಕ ಠಾಣೆಯಿಂದಾಗಲಿ ಆಸ್ಪತ್ರೆಯಿಂದಾಗಲಿ ಒಂದು ಚಿತ್ರವೂ ಹೊರಬೀಳಕೂಡದೆಂದು ಜಿಲ್ಲೆಯ ಅಧಿಕಾರಿಗಳು ಕಟ್ಟಪ್ಪಣೆ ಮಾಡಬೇಕು.

ಈ ಯಂತ್ರದ ಉಪಕಾರವನ್ನು ಮರೆಯುವವರು ನಾವಲ್ಲ. 2020 ಮತ್ತು 2021ರ ಕೊರೋನಾ ಕಾಲದಲ್ಲಿ, ಬರಲಾಗದ ಎಷ್ಟೋ ಮಕ್ಕಳು ತಂದೆಯ ಮುಖವನ್ನು ಕಡೆಯ ಬಾರಿ ನೋಡಿದ್ದು ಆ ಅಂಗೈಯಗಲದ ಗಾಜಿನಲ್ಲಿಯೇ. ಹಿಡಿ ಮಣ್ಣು ಹಾಕುವ ಭಾಗ್ಯವನ್ನು ಮಾತ್ರ ಅದು ಕೊಡಲಾರದು.

ಇನ್ನೊಂದು ಸಂಗತಿಯು ಇಷ್ಟು ಪ್ರಕಟವಾಗಿಲ್ಲ. ಮೃತನ ಭಾವಚಿತ್ರ, ಧ್ವನಿ, ಲೆಕ್ಕಪತ್ರಗಳೆಲ್ಲವೂ ಅವನ ಕೈಫೋನಿನೊಳಗೆ ಉಳಿದು, ಬೀಗದ ಸಂಖ್ಯೆಯು ಅವನೊಂದಿಗೇ ಹೋಗುತ್ತದೆ. ಶಹಾಬಾದಿನ ಕಲ್ಲಿನ ಮೇಲೆ ಕೆತ್ತಿಸಿದ ಹೆಸರನ್ನು ಓದುವುದಕ್ಕೆ ಯಾರ ಅನುಮತಿಯೂ ಬೇಡ. ಈ ನೆನಪುಗಳಾದರೋ ಕಡಲಾಚೆಯ ಕಂಪೆನಿಗಳ ವಶದಲ್ಲಿವೆ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಸಾರಿತು. ತನ್ನ ತರುವಾಯ ಖಾತೆಯ ಮಾಹಿತಿಯು ಯಾರಿಗೆ ಸೇರಬೇಕೆಂದು ಬದುಕಿರುವಾಗಲೇ ನಮೂದಿಸುವ ಏರ್ಪಾಡೂ ಅಲ್ಲಿಯೇ 2013ರಿಂದ ಇದೆ. ಆದರೆ ನಮ್ಮಲ್ಲಿ ಅದನ್ನು ಬಲ್ಲವರೆಷ್ಟು ಮಂದಿ? ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಇಂಥ ನಾಮನಿರ್ದೇಶನದ ಹಕ್ಕನ್ನು ಬರೆದಿದೆ. ಕಾಗದದ ಮೇಲಿನ ಹಕ್ಕು ತಾಂಡಾದ ವಿಧವೆಗೆ ತಾನಾಗಿ ನಡೆದು ಬರುವುದಿಲ್ಲ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮವಿದೆ. ಅದಕ್ಕಾಗಿ ಕಚೇರಿಗೆ ಬಂದವರಿಗೆ ನೋಂದಣಿಯ ನೌಕರರು ಎರಡು ಮಾತು ತಿಳಿಸಿದರೆ ಸಾಕು: ಫೋನನ್ನು ಮಾರಬೇಡಿರಿ, ಚಿತ್ರಗಳನ್ನು ತೆಗೆದಿಟ್ಟುಕೊಳ್ಳುವ ತನಕ ಆ ನಂಬರಿಗೆ ಹಣ ಕಟ್ಟುತ್ತಿರಿ. ಕಟ್ಟದೆ ಬಿಟ್ಟ ನಂಬರು ಕ್ರಮೇಣ ಬೇರೊಬ್ಬನ ಪಾಲಾಗುತ್ತದೆ. ಮಗನ ಹೆಸರನ್ನು ಒತ್ತಿದ ತಾಯಿಗೆ ಅಪರಿಚಿತನ ದನಿಯು ಯಾರೆಂದು ಕೇಳುತ್ತದೆ.