ಪ್ರೌಢಶಾಲೆಯ ಎಲ್ಲ ವಿಷಯಗಳಲ್ಲಿ ಜನಾಂಗಹತ್ಯೆಯ ಬೋಧನೆ: ಮನವಿ ಪತ್ರ

ಗೆ,
ಮಾನ್ಯ ನಿರ್ದೇಶಕರು,
ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಬೆಂಗಳೂರು.

ವಿಷಯ: 8ರಿಂದ 10ನೇ ತರಗತಿಯವರೆಗಿನ ಗಣಿತ, ವಿಜ್ಞಾನ, ಭಾಷೆ ಮತ್ತು ಸಮಾಜ ವಿಜ್ಞಾನದ ಪಾಠಗಳಲ್ಲಿ ಜನಾಂಗಹತ್ಯೆಯ ಕುರಿತ ಬೋಧನೆಯನ್ನು ಅಳವಡಿಸುವ ಬಗ್ಗೆ.

ಮಾನ್ಯರೇ,

ರಾಜ್ಯದ ಪ್ರೌಢಶಾಲೆಗಳಲ್ಲಿ ಜನಾಂಗಹತ್ಯೆಯ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಇತಿಹಾಸದ ಪಾಠವೊಂದರಲ್ಲಿ, ಹಿಟ್ಲರನ ಹೆಸರಿನೊಂದಿಗೆ. ಸುಮಾರು 60 ಲಕ್ಷ ಯಹೂದಿಗಳ ಕೊಲೆ ಅಲ್ಲಿ ಒಬ್ಬ ಸರ್ವಾಧಿಕಾರಿಯ ಕ್ರೌರ್ಯವಾಗಿ ಮುಗಿದುಹೋಗುತ್ತದೆ. ಆದರೆ ಆ ಕೊಲೆಗಳಿಗೆ ಅಂಕಿಅಂಶ ಒದಗಿಸಿದವರು, ರೈಲುಗಳ ವೇಳಾಪಟ್ಟಿ ಸಿದ್ಧಪಡಿಸಿದವರು, ವಿಷಾನಿಲ ತಯಾರಿಸಿದವರು, ರೋಗಿಗಳ ಪಟ್ಟಿಗೆ ಗುರುತು ಹಾಕಿದ ವೈದ್ಯರು ವಿದ್ಯಾವಂತರೇ ಆಗಿದ್ದರು. ಶಾಲೆ ಕಲಿಸುವ ಹೆಚ್ಚುಕಡಿಮೆ ಪ್ರತಿಯೊಂದು ವಿದ್ಯೆಯೂ ಈ ಅಪರಾಧಕ್ಕೆ ಬಳಕೆಯಾಗಿರುವಾಗ ಅದರ ಬೋಧನೆಯ ಹೊಣೆಯನ್ನು ಇತಿಹಾಸದ ಶಿಕ್ಷಕರ ಮೇಲಷ್ಟೇ ಹೊರಿಸುವುದು ಸರಿಯಲ್ಲವೆಂಬುದು ಮನವಿದಾರರಾದ ಶಿಕ್ಷಕರ ಹಾಗೂ ಪೋಷಕರ ನಿಲುವು.

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 9 ಡಿಸೆಂಬರ್ 1948ರಂದು ಅಂಗೀಕರಿಸಿದ ಒಡಂಬಡಿಕೆಯ ಪ್ರಕಾರ, ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ನಾಶಮಾಡುವ ಉದ್ದೇಶದಿಂದ ಎಸಗುವ ಐದು ಬಗೆಯ ಕೃತ್ಯಗಳು ಜನಾಂಗಹತ್ಯೆ ಎನಿಸುತ್ತವೆ. ಕೊಲೆ ಅವುಗಳಲ್ಲಿ ಒಂದು ಮಾತ್ರ. ಗುಂಪಿನಲ್ಲಿ ಜನನವಾಗದಂತೆ ತಡೆಯುವುದೂ, ಅದರ ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸೇರಿಸುವುದೂ ಆ ಪಟ್ಟಿಯಲ್ಲಿವೆ. ಉದ್ದೇಶವೇ ಈ ವ್ಯಾಖ್ಯೆಯ ತಿರುಳಾದ್ದರಿಂದ ಎಲ್ಲ ಸಾಮೂಹಿಕ ಹತ್ಯೆಗಳನ್ನೂ ಇದೇ ಹೆಸರಿನಿಂದ ಕರೆಯಲಾಗದು ಎಂಬ ಎಚ್ಚರವನ್ನು ಮಕ್ಕಳಿಗೆ ಮೊದಲೇ ಕಲಿಸಬೇಕಾಗುತ್ತದೆ.

ಗಣಿತವನ್ನು ಮೊದಲು ಪರಿಗಣಿಸಬೇಕೆಂದು ಕೋರುವುದಕ್ಕೆ ಕಾರಣವಿದೆ. ನಾತ್ಸಿ ಜರ್ಮನಿಯ ಅಂಕಗಣಿತ ಪುಸ್ತಕಗಳಲ್ಲಿ, ಮಾನಸಿಕ ರೋಗಿಗಳ ಆಸ್ಪತ್ರೆಯೊಂದಕ್ಕೆ ತಗಲುವ ಹಣದಲ್ಲಿ ಎಷ್ಟು ಮನೆಗಳನ್ನು ಕಟ್ಟಬಹುದೆಂದು ಕೇಳುವ ಲೆಕ್ಕಗಳಿದ್ದವು. ಭಾಗಾಕಾರ ಸರಿಯಾಗಿಯೇ ಇದ್ದ ಆ ಲೆಕ್ಕ, ಮನುಷ್ಯನೊಬ್ಬನನ್ನು ವೆಚ್ಚದ ಬಾಬತ್ತಾಗಿ ಕಾಣಲು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿತ್ತು. ಮುಂದೆ ‘ಟಿ-4’ ಎಂಬ ಯೋಜನೆಯಡಿ 1941ರ ಆಗಸ್ಟ್ ಒಳಗೆ ಸುಮಾರು 70,000 ರೋಗಿಗಳನ್ನೂ ಅಂಗವಿಕಲರನ್ನೂ ಅನಿಲ ಕೋಣೆಗಳಲ್ಲಿ ಕೊಲ್ಲಲಾಯಿತು. ಒಡಂಬಡಿಕೆ ಹೆಸರಿಸುವ ಗುಂಪುಗಳಲ್ಲಿ ಅಂಗವಿಕಲರಿಲ್ಲ, ನಿಜ. ಆದರೆ ಆ ಯೋಜನೆಯ ಸಿಬ್ಬಂದಿಯೇ ಸೋಬಿಬೋರ್, ಟ್ರೆಬ್ಲಿಂಕಾ ಶಿಬಿರಗಳಿಗೆ ಹೋಗಿ ಯಹೂದಿಗಳ ಹತ್ಯೆಯನ್ನು ನಡೆಸಿದರು. ಸಂಖ್ಯಾಶಾಸ್ತ್ರದ ಅಧ್ಯಾಯದಲ್ಲಿ ಆಸ್ಪತ್ರೆಯ ವೆಚ್ಚದ ಆ ಲೆಕ್ಕವನ್ನು ಬಿಡಿಸದೆ ಅದರ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡಿದರೆ, ಯಾವ ದತ್ತಾಂಶವನ್ನು ಯಾರು ಯಾತಕ್ಕೆ ಕೂಡಿಹಾಕಿದರೆಂದು ಕೇಳುವ ಬುದ್ಧಿ ಬೆಳೆಯುತ್ತದೆ.

ಅನುವಂಶೀಯತೆಯ ಪಾಠವೂ ಮೆಂಡೆಲನ ಬಟಾಣಿ ಗಿಡಗಳಲ್ಲೇ ನಿಲ್ಲಬಾರದು. ‘ಉತ್ತಮ’ ತಳಿಯ ಮನುಷ್ಯರನ್ನಷ್ಟೇ ಬೆಳೆಸಬೇಕೆಂಬ ಸುಪ್ರಜನನವಾದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲೇ ಕಾನೂನಿನ ಬಲ ಕೊಟ್ಟಿತ್ತು. 1933ರ ಜರ್ಮನ್ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ರಸಾಯನಶಾಸ್ತ್ರದಲ್ಲಿ, ಆಶ್ವಿಟ್ಜ್‌ ಶಿಬಿರದಲ್ಲಿ ಕೊಲ್ಲಲು ಬಳಸಿದ ಜೈಕ್ಲಾನ್-ಬಿ ಮೂಲತಃ ಕೀಟನಾಶಕವೆಂಬ ಒಂದು ಸಂಗತಿ ಸಾಕು.

ಭಾಷಾ ಪಾಠಕ್ಕೆ ರುವಾಂಡ ಒದಗುತ್ತದೆ. ಅಲ್ಲಿ 1994ರ ಏಪ್ರಿಲ್‌ನಿಂದ ಜುಲೈವರೆಗೆ, ನೂರೇ ದಿನಗಳಲ್ಲಿ, ಟುಟ್ಸಿ ಸಮುದಾಯದ ಲಕ್ಷಾಂತರ ಜನರನ್ನು ಕೊಲ್ಲುವ ಮೊದಲು ರೇಡಿಯೊ ಮತ್ತು ಪತ್ರಿಕೆಗಳು ಅವರನ್ನು ಜಿರಳೆಗಳೆಂದು ಕರೆಯುತ್ತಿದ್ದವು; ಹೀಗೆ ದ್ವೇಷ ಹರಡಿದ ಮೂವರು ಮಾಧ್ಯಮದವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಶಿಕ್ಷೆ ವಿಧಿಸಿತು, ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಭೂಗೋಳದಲ್ಲಿ ಮರುಭೂಮಿಯ ಪಾಠ ಬಂದಾಗ, 1904ರಲ್ಲಿ ಇಂದಿನ ನಮೀಬಿಯಾದ ಹೆರೆರೊ ಜನರನ್ನು ಜರ್ಮನ್ ಸೇನೆ ಒಮಾಹೆಕೆ ಮರಳುಗಾಡಿಗೆ ಅಟ್ಟಿ ನೀರಿಲ್ಲದೆ ಸಾಯಿಸಿದ್ದನ್ನು ಹೇಳಬಹುದು. ಪೌರನೀತಿಯಲ್ಲಿ ಹೇಳಬೇಕಾದದ್ದು ಹತ್ತಿರದ ವಿಚಾರ: ಭಾರತವು 1959ರಲ್ಲಿ ಒಡಂಬಡಿಕೆಯನ್ನು ಅನುಮೋದಿಸಿದ್ದರೂ ಜನಾಂಗಹತ್ಯೆ ದೇಶದ ದಂಡ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಾಗಿಲ್ಲ, ದೆಹಲಿ ಹೈಕೋರ್ಟ್ 1984ರ ಸಿಖ್ ಹತ್ಯೆಗಳ ಪ್ರಕರಣವೊಂದರ ತೀರ್ಪಿನಲ್ಲಿ 2018ರಲ್ಲಿ ಈ ಕೊರತೆಯನ್ನು ಎತ್ತಿತೋರಿಸಿದೆ.

ಆದ್ದರಿಂದ ಇಲಾಖೆಯು ವಿಷಯವಾರು ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಸೇವಾನಿರತ ಶಿಕ್ಷಕರ ತರಬೇತಿಯಲ್ಲಿ ಅದಕ್ಕೆ ಅವಧಿ ಮೀಸಲಿಡಬೇಕೆಂದು ಕೋರಲಾಗಿದೆ. ಹೊಸ ಪಠ್ಯಪುಸ್ತಕವನ್ನಾಗಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಚ್ಚುವರಿ ಅಂಕಗಳನ್ನಾಗಲಿ ಮನವಿದಾರರು ಕೇಳುತ್ತಿಲ್ಲ. ವರ್ಷಕ್ಕೊಂದು ದಿನಾಚರಣೆ, ಭಾಷಣ ಸ್ಪರ್ಧೆ ಎಂದು ಇದನ್ನು ತೀರಿಸಿಬಿಡುವುದಂತೂ ಬೇಡ. ಶವಗಳ ಚಿತ್ರಗಳನ್ನು ತೋರಿಸುವುದು, ಕೊಂದವರ ಮತ್ತು ಸತ್ತವರ ಪಾತ್ರಗಳನ್ನು ಮಕ್ಕಳಿಂದ ಅಭಿನಯ ಮಾಡಿಸುವುದು, ಹಳೆಯ ಅಪರಾಧಕ್ಕೆ ಇಂದಿನ ಯಾವುದೇ ಸಮುದಾಯದ ಮಕ್ಕಳನ್ನು ಹೊಣೆಯಾಗಿಸುವುದು ಕೂಡದೆಂದು ಕೈಪಿಡಿ ಸ್ಪಷ್ಟವಾಗಿ ಹೇಳಬೇಕು.

ಕೈಪಿಡಿಯ ಹೊರತಾಗಿ ಇನ್ನೊಂದು ಕೋರಿಕೆಯೂ ಇದೆ. ಜನಾಂಗಹತ್ಯೆಗೆ ಮುನ್ನ ರುವಾಂಡದ ಶಾಲೆಗಳಲ್ಲಿ ಹುಟು ಮತ್ತು ಟುಟ್ಸಿ ಸಮುದಾಯಗಳ ಮಕ್ಕಳನ್ನು ತರಗತಿಯಲ್ಲೇ ಬೇರೆಬೇರೆಯಾಗಿ ಎದ್ದು ನಿಲ್ಲಿಸಿ ಎಣಿಸುವ ರೂಢಿಯಿತ್ತು. ನಮ್ಮ ಶಾಲೆಗಳಲ್ಲಿ ವಿದ್ಯಾರ್ಥಿವೇತನಕ್ಕಾಗಿ ಜಾತಿಯ ವಿವರ ಪಡೆಯುವ ಉದ್ದೇಶ ಅದಕ್ಕೆ ತೀರ ವಿರುದ್ಧವಾದದ್ದು, ಆ ವಿವರ ಅಗತ್ಯವೂ ಹೌದು. ಆದರೂ ಅದನ್ನು ಸಹಪಾಠಿಗಳೆದುರು ಕೂಗಿ ಕೇಳದೆ, ಪ್ರವೇಶದ ದಾಖಲೆಗಳಿಂದ ಕಚೇರಿಯಲ್ಲೇ ಪಡೆಯುವಂತೆ ಎಲ್ಲ ಮುಖ್ಯೋಪಾಧ್ಯಾಯರಿಗೆ ಸುತ್ತೋಲೆ ಹೊರಡಿಸುವ ಬಗ್ಗೆ ಇಲಾಖೆಯು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದೂ, ಕೈಪಿಡಿಯ ಕೆಲಸ ಮುಗಿಯುವವರೆಗೆ ಈ ಸುತ್ತೋಲೆಯನ್ನು ಕಾಯಿಸಬಾರದೆಂದೂ ವಿನಂತಿಸಲಾಗಿದೆ.