ಹೃದಯದ ಮಾತ್ರೆಯನ್ನು ನಡುವೆ ಕೈಬಿಡದಿರೋಣ



ಜಾತ್ರೆ, ಮದುವೆ, ಶ್ರಾವಣದ ಪುರಾಣ ಪ್ರವಚನಗಳೆಂದು ನಮ್ಮ ಮನೆಗಳ ಹಿರಿಯರು ಊರಿಂದೂರಿಗೆ ಹೋಗುವುದುಂಟು. ಬಟ್ಟೆಬರೆಗಳನ್ನು ನೆನಪಿನಿಂದ ಕಟ್ಟಿಕೊಳ್ಳುವ ನಾವು ಮಾತ್ರೆಗಳನ್ನು ಮನೆಯಲ್ಲೇ ಮರೆಯುತ್ತೇವೆ. ನಾಲ್ಕು ದಿನಕ್ಕೆ ಏನಾದೀತು ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತೇವೆ. ಬೀಟಾ ಬ್ಲಾಕರ್ ಎಂಬ ವರ್ಗದ ಔಷಧಿಗಳ ವಿಷಯದಲ್ಲಿ ಈ ಸಮಾಧಾನವು ಪ್ರಾಣಕ್ಕೇ ಎರವಾಗಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಮುಂತಾದವು ಈ ವರ್ಗಕ್ಕೆ ಸೇರಿವೆ.

1960ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರು ಇದೇ ವರ್ಗದ ಪ್ರೊಪ್ರನೊಲಾಲ್ ಔಷಧಿಯನ್ನು ರೂಪಿಸಿದರು. 1988ರಲ್ಲಿ ಅವರು ನೊಬೆಲ್ ಪಾರಿತೋಷಕಕ್ಕೆ ಭಾಜನರಾದರು. ಅಡ್ರಿನಲಿನ್ ಎಂಬ ರಸವು ಹೃದಯವನ್ನು ಅತಿಯಾಗಿ ದುಡಿಸದಂತೆ ಈ ಔಷಧಿ ತಡೆಯುತ್ತದೆ. ಬಹುಕಾಲ ಸೇವಿಸಿ ಒಮ್ಮೆಲೇ ಬಿಟ್ಟರೆ ತಡೆ ಕಳಚಿದ ಹೃದಯವು ಮೊದಲಿಗಿಂತ ವೇಗವಾಗಿ ಬಡಿಯತೊಡಗುತ್ತದೆ; ಎದೆನೋವು, ಹೃದಯಾಘಾತಗಳೂ ಸಂಭವಿಸಬಹುದು. ಆದ್ದರಿಂದ ನಿಲ್ಲಿಸಬೇಕಾದಾಗ ವೈದ್ಯರೇ ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಒಂದು ಹೊತ್ತಿನ ಮಾತ್ರೆ ತಪ್ಪಿತೆಂದು ಮರು ಹೊತ್ತಿಗೆ ಎರಡನ್ನು ನುಂಗಲೂ ಬಾರದು.

ಔಷಧಿಯನ್ನು ಆರಂಭಿಸುವ ಮೊದಲು ಉಬ್ಬಸ, ಸಕ್ಕರೆ ಕಾಯಿಲೆ, ನಿಧಾನ ನಾಡಿ ಇವುಗಳಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಉಬ್ಬಸವಿರುವವರಿಗೆ ಇದರಿಂದ ಶ್ವಾಸನಾಳಗಳು ಬಿಗಿಯಬಹುದು. ಸೇವಿಸುತ್ತಿರುವ ಇತರ ಔಷಧಿಗಳನ್ನೂ ತೋರಿಸಬೇಕು. ವೆರಪಮಿಲ್ ಜೊತೆಗೂಡಿದರೆ ನಾಡಿ ಅಪಾಯಕರವಾಗಿ ಕುಗ್ಗಬಹುದು. ಕಣ್ಣಿಗೆ ಹಾಕುವ ಟಿಮೊಲಾಲ್ ಹನಿಯೂ ಇದೇ ವರ್ಗದ್ದೆಂಬುದು ಅನೇಕರಿಗೆ ತಿಳಿಯದು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರ. ರಕ್ತದಲ್ಲಿ ಸಕ್ಕರೆ ಇಳಿದಾಗ ಉಂಟಾಗುವ ನಡುಕ, ಎದೆಬಡಿತಗಳನ್ನು ಈ ಔಷಧಿ ಮರೆಮಾಡುತ್ತದೆ. ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಸಕ್ಕರೆಯನ್ನು ಪರೀಕ್ಷಿಸಬೇಕು.

ಮುಂಜಾನೆ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಶಾಂತವಾಗಿ ಕುಳಿತಿದ್ದಾಗಲೇ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಬಹುದು. ಎಣಿಕೆ 50ಕ್ಕಿಂತ ಕಡಿಮೆಯಾದರೆ, ತಲೆ ಸುತ್ತಿದರೆ, ಅಂದೇ ವೈದ್ಯರನ್ನು ಕೇಳಬೇಕು. ಎಚ್ಚರ ತಪ್ಪಿದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯ ದುರ್ಬಲವಾಗಿರುವವರಿಗೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ವಾರಗಳ ಅಂತರದಲ್ಲಿ ಹೆಚ್ಚಿಸುವುದು ಕ್ರಮ. ಅಂಥವರು ದಿನವೂ ತೂಕ ನೋಡಿಕೊಳ್ಳಬೇಕು. ಎರಡು ಮೂರು ದಿನಗಳಲ್ಲೇ ತೂಕ ಏರಿದರೆ, ಕಾಲು ಊದಿಕೊಂಡರೆ ದೇಹದಲ್ಲಿ ನೀರು ನಿಲ್ಲುತ್ತಿದೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ನೆರೆಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ನಾವು ನುಂಗುವುದೂ ಬೇಡ. ದಾಸೋಹ ನಮ್ಮ ಧರ್ಮವೇ ಸರಿ. ಮಾತ್ರೆಗಳಲ್ಲಿ ಮಾತ್ರ ಅದು ಸಲ್ಲದು.

ಕಾಯವು ನೆಟ್ಟಗಿದ್ದರೆ ತಾನೆ ಕಾಯಕ? ಹಿರಿಯರ ಮಾತ್ರೆ ಮುಗಿಯುವ ಮೊದಲೇ ತಂದಿಡುವ, ಪ್ರಯಾಣದ ಚೀಲದಲ್ಲಿ ಅದನ್ನು ಮೊದಲು ಇರಿಸುವ ಹೊಣೆಯನ್ನು ಮನೆಯ ಮಕ್ಕಳು, ಸೊಸೆಯಂದಿರು ಹಂಚಿಕೊಳ್ಳಲಿ. ಇದೂ ಒಂದು ಸೇವೆಯೆಂದೇ ನಾವು ಭಾವಿಸುತ್ತೇವೆ.